ಅಗ್ಗಿಷ್ಟಿಕೆಯ ಬದಲಿ ಬ್ಲೋವರ್ ಕಿಟ್: ಮೋಟಾರಿಗೆ ಪೂರ್ತಿ ಅಂಕ, ಸ್ವಿಚ್ಚಿಗೆ ಅರ್ಧ

ಕಟ್ಟಿಗೆ ಉರಿಸುವ ಅಗ್ಗಿಷ್ಟಿಕೆಗೆಂದು ಮಾರುವ ಬದಲಿ ಬ್ಲೋವರ್ (ಒಲೆಯ ಬಿಸಿಗಾಳಿಯನ್ನು ಕೋಣೆಗೆ ತಳ್ಳುವ ಫ್ಯಾನು) ಕಿಟ್ಟಿನಲ್ಲಿ ಸಾಮಾನ್ಯವಾಗಿ ಇರುವುದು ಇಷ್ಟು: ಎರಡೂ ಕಡೆ ಗಾಳಿಚಕ್ರ ಕೂರಿಸಿದ ಮೋಟಾರು, ಬಿಸಿ ತಾಗಿದಾಗ ತಾನೇ ಆನ್ ಆಗುವ ಥರ್ಮಲ್ ಸ್ವಿಚ್ಚು, ಸ್ಪೀಡ್ ರೆಗ್ಯುಲೇಟರು, ಒಂದಷ್ಟು ವೈರು. ಗಾಳಿ ಕಮ್ಮಿಯಾದ ಕೂಡಲೇ ಇದನ್ನು ತರಿಸಬೇಡಿ. ಎಷ್ಟೋ ಸಲ ಒಂದು ಬ್ರಷ್ಷಿನಲ್ಲೋ ಒಂದು ಸ್ವಿಚ್ಚಿನಲ್ಲೋ ಮುಗಿಯುವ ಕೆಲಸ ಇದು.

ಮೊದಲು ಒಲೆ ಪೂರ್ತಿ ಆರಲಿ, ಪ್ಲಗ್ ಕಿತ್ತು ಹಳೆಯ ಬ್ಲೋವರನ್ನು ಹೊರಗೆಳೆಯಿರಿ. ಗಾಳಿಚಕ್ರದ ಪಟ್ಟಿಗಳು ಒಳಬಾಗಿದ ಬಟ್ಟಲಿನ ಹಾಗಿರುತ್ತವೆ. ಆ ಬಾಗಿನಲ್ಲಿ ಬೂದಿ, ದೂಳು, ನಾಯಿ-ಬೆಕ್ಕಿನ ಕೂದಲು ಮೆತ್ತಿಕೊಂಡರೆ ಚಕ್ರ ಎಷ್ಟೇ ಜೋರಾಗಿ ತಿರುಗಿದರೂ ಗಾಳಿಯನ್ನು ಹಿಡಿದು ತಳ್ಳಲಾರದು. ಸದ್ದು ಮೊದಲಿನಷ್ಟೇ ಇದ್ದು ಗಾಳಿ ಮಾತ್ರ ಸೊರಗಿದ್ದರೆ ಕಾರಣ ಬಹುತೇಕ ಇದೇ. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಂದೊಂದೇ ಪಟ್ಟಿ ಉಜ್ಜಿ, ವ್ಯಾಕ್ಯೂಮ್ ಹಿಡಿಯಿರಿ. ಮೋಟಾರಿಗೆ ನೀರು ಸೋಕಬಾರದು. ಪಟ್ಟಿಯ ಮೇಲೆ ಚಿಕ್ಕ ಲೋಹದ ಕ್ಲಿಪ್ ಕಂಡರೆ ಕಸವೆಂದು ಕೀಳಬೇಡಿ. ಅದು ಚಕ್ರದ ತೂಕ ಸರಿದೂಗಿಸಲು ಹಾಕಿದ್ದು, ತೆಗೆದರೆ ಇಡೀ ಒಲೆಯೇ ನಡುಗಲು ಶುರುವಾಗುತ್ತದೆ.

ಚಕ್ರವನ್ನು ಬೆರಳಲ್ಲಿ ತಿರುಗಿಸಿ ನೋಡಿ. ನಾಲ್ಕಾರು ಸುತ್ತು ಹಗುರಾಗಿ ಸುತ್ತಿದರೆ ಬೇರಿಂಗ್ ಸರಿಯಿದೆ. ತಟಕ್ಕನೆ ನಿಂತರೆ ಬುಶ್ (ಶಾಫ್ಟನ್ನು ಹಿಡಿದಿಡುವ ಲೋಹದ ಬಳೆ) ಒಣಗಿದೆ: ಎಣ್ಣೆ ಬಿಡುವ ರಂಧ್ರವಿದ್ದರೆ ಎಸ್‌ಎಇ 20 ದರ್ಜೆಯ, ಡಿಟರ್ಜೆಂಟ್ ಇಲ್ಲದ ಎಣ್ಣೆ ಎರಡು-ಮೂರು ಹನಿ ಸಾಕು. ತುಕ್ಕು ಬಿಡಿಸುವ ಸ್ಪ್ರೇ ಹೊಡೆದರೆ ನಾಲ್ಕು ದಿನ ಓಡೀತು, ಆಮೇಲೆ ಅದೇ ಗೋಳು. ಶಾಫ್ಟ್ ತಿರುಗಿ ಚಕ್ರ ಮಾತ್ರ ಜಾರುತ್ತಿದ್ದರೆ ಚಕ್ರವನ್ನು ಶಾಫ್ಟಿಗೆ ಬಿಗಿಯುವ ತಲೆಯಿಲ್ಲದ ಗ್ರಬ್ ಸ್ಕ್ರೂ ಸಡಿಲವಾಗಿದೆ, ಅಲೆನ್ ಕೀಯಿಂದ ಬಿಗಿ ಮಾಡಿ.

ಬ್ಲೋವರ್ ಏಳುವುದೇ ಇಲ್ಲವೇ? ಆಗ ಮೋಟಾರಿಗಿಂತ ಮೊದಲು ಥರ್ಮಲ್ ಸ್ವಿಚ್ಚನ್ನೇ ಅನುಮಾನಿಸಿ. ಸಾಮಾನ್ಯವಾಗಿ ಅದು 43ರಿಂದ 49 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ ಕೂಡಿಕೊಂಡು, 32ರ ಆಸುಪಾಸಿನಲ್ಲಿ ಬಿಟ್ಟುಕೊಳ್ಳುತ್ತದೆ. ಹೀಗಾಗಿ ಬೆಂಕಿ ಹಚ್ಚಿದ ಮೇಲೆ ಅರ್ಧ ಗಂಟೆ ಸುಮ್ಮನಿದ್ದರೆ ಅದು ದೋಷವಲ್ಲ. ಬಿಚ್ಚಿ ತೆಗೆದ ಸ್ವಿಚ್ಚಿನ ಎರಡು ಟರ್ಮಿನಲ್ಲಿಗೆ ಮಲ್ಟಿಮೀಟರ್ ಹಿಡಿಯಿರಿ: ತಣ್ಣಗಿದ್ದಾಗ ಸಂಪರ್ಕ ಇರಕೂಡದು, ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿದಾಗ ಟಕ್ ಎಂದು ಕೂಡಿ ಓಮ್ ಸೊನ್ನೆಯ ಹತ್ತಿರ ಬರಬೇಕು. ಬಾರದಿದ್ದರೆ ಸ್ವಿಚ್ಚೊಂದನ್ನೇ ಕೊಳ್ಳಿ. ಸ್ವಿಚ್ ಸರಿಯಿದ್ದು ಮೋಟಾರಿನ ಎರಡು ವೈರುಗಳ ನಡುವೆ ಮೀಟರು ಏನೂ ತೋರಿಸದಿದ್ದರೆ ವೈಂಡಿಂಗ್ (ಮೋಟಾರಿನೊಳಗಿನ ತಂತಿ ಸುರುಳಿ) ಅಥವಾ ಒಳಗಿನ ಫ್ಯೂಸ್ ಹೋಗಿದೆ. ಕಿಟ್ ಬೇಕಾಗುವುದು ಈಗ.

ಕೊಳ್ಳುವುದಾದರೆ ಬಾಲ್ ಬೇರಿಂಗ್ ಇರುವುದನ್ನೇ ಆರಿಸಿ. ಒಲೆಯ ಬಿಸಿಯಲ್ಲಿ ಬುಶ್‌ನ ಎಣ್ಣೆ ಬೇಗ ಒಣಗುತ್ತದೆ. ಮೋಟಾರಿನ ವೋಲ್ಟೇಜನ್ನು ಎರಡು ಸಲ ಓದಿ: 120 ವೋಲ್ಟಿನದನ್ನು 230ಕ್ಕೆ ಸಿಕ್ಕಿಸಿದರೆ ಸುಟ್ಟೇ ಹೋಗುತ್ತದೆ. ತಿರುಗುವ ದಿಕ್ಕು, ಸ್ಕ್ರೂ ತೂತುಗಳ ಅಂತರ, ಚಕ್ರದ ವ್ಯಾಸ ಹಳೆಯದಕ್ಕೆ ತಾಳೆಯಾಗಬೇಕು. ಚಕ್ರ ತಿರುಗುಮುರುಗಾಗಿ ಕೂತರೂ ಗಾಳಿ ಬರುತ್ತದೆ, ಆದರೆ ಬಡಕಲಾಗಿ. ಹೊಸ ಕಿಟ್ ಸರಿಯಿಲ್ಲವೆಂಬ ದೂರುಗಳಲ್ಲಿ ಇದೂ ಒಂದು. ಪೆಟ್ಟಿಗೆಯ ಮೇಲಿನ ಘನ ಅಡಿ ಲೆಕ್ಕವನ್ನು (ನಿಮಿಷಕ್ಕೆ ಎಷ್ಟು ಗಾಳಿ ತಳ್ಳುತ್ತದೆ ಎಂಬುದನ್ನು) ಪೂರ್ತಿ ನಂಬಬೇಡಿ. ಅದು ಸಾಮಾನ್ಯವಾಗಿ ಎದುರು ತಡೆಯಿಲ್ಲದೆ ಅಳೆದದ್ದು, ಇಕ್ಕಟ್ಟಾದ ಗಾಳಿದಾರಿಯಲ್ಲಿ ಅಷ್ಟು ಸಿಗದು.

ಸ್ವಿಚ್ಚಿಗೆ ಅರ್ಧ ಅಂಕ ಕೊಟ್ಟದ್ದು ಅದನ್ನು ಹಿಡಿಯುವ ಅಯಸ್ಕಾಂತದ ಕಾರಣಕ್ಕೆ. ಒಲೆಯ ಗೋಡೆಗೆ ಚಪ್ಪಟೆಯಾಗಿ ಅಂಟದೆ ಕೂದಲೆಳೆಯಷ್ಟು ಓರೆಯಾದರೂ ಬಿಸಿ ತಡವಾಗಿ ತಾಗಿ, ಬ್ಲೋವರ್ ಎದ್ದು ಬಿದ್ದು ಮಾಡುತ್ತದೆ. ಅಂಟಿಸುವ ಜಾಗದ ಮಸಿ, ತುಕ್ಕು ಕೆರೆದು ತೆಗೆಯಿರಿ. ವೈರು ಬಿಸಿ ಲೋಹಕ್ಕೆ ತಾಗದಂತೆ ಎಳೆಯಿರಿ. ಸಾದಾ ಪಿವಿಸಿ ವೈರು ಇಲ್ಲಿ ಕೆಲಸಕ್ಕೆ ಬಾರದು, ಸಿಲಿಕೋನ್ ಹೊದಿಕೆಯಂಥ, ಬಿಸಿ ತಡೆಯುವ ವೈರೇ ಬೇಕು.

ರೆಗ್ಯುಲೇಟರಿನದು ಬೇರೆಯೇ ತಮಾಷೆ. ಹಲವು ಮಾದರಿಗಳಲ್ಲಿ ಆಫ್ ದಾಟಿದ ಕೂಡಲೇ ಸಿಗುವುದು ಅತಿ ಹೆಚ್ಚಿನ ವೇಗ, ಮುಂದೆ ತಿರುಗಿಸಿದಷ್ಟೂ ಇಳಿಯುತ್ತದೆ. ರೆಗ್ಯುಲೇಟರಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ ಗಾಳಿಯೇ ಇಲ್ಲವೆಂದರೆ ಯಂತ್ರದ ತಪ್ಪಲ್ಲ. ಕಡಿಮೆ ವೇಗದಲ್ಲಿ ಮೋಟಾರು ತಿರುಗದೆ ಗುಂಯ್ ಎನ್ನುತ್ತಿದ್ದರೆ ಹಾಗೇ ಬಿಡಬೇಡಿ, ವೈಂಡಿಂಗ್ ಬಿಸಿಯೇರುತ್ತದೆ. ಕನಿಷ್ಠ ವೇಗ ಹೊಂದಿಸುವ ಚಿಕ್ಕ ಸ್ಕ್ರೂ ಇದ್ದರೆ, ನಿಂತ ಚಕ್ರ ತಾನಾಗಿ ತಿರುಗಲು ಶುರುಮಾಡುವ ಮಟ್ಟಕ್ಕೆ ಅದನ್ನು ಏರಿಸಿ.