ಬ್ಯಾಟರಿ ಶೇ. 90 ಅನ್ನುತ್ತೆ, ಡೇಟಾ ಮಾತ್ರ ಬರಲ್ಲ: ಲೋರಾವಾನ್ ತಾಪಮಾನ ನೋಡ್, ಎರಡು ವರ್ಷದ ಬಳಕೆಯ ಮೇಲೆ

ರೇಟಿಂಗ್: ಐದಕ್ಕೆ ಮೂರು

ಗೋದಾಮಿನ ತಾಪಮಾನದ ಮೇಲೆ ಕಣ್ಣಿಡಲು ಈ ನೋಡ್‌ಗಳನ್ನು (ತಾಪಮಾನ ಅಳೆದು, ಲೋರಾವಾನ್ ಅನ್ನುವ ಕಮ್ಮಿ ಕರೆಂಟಿನ ದೂರದ ರೇಡಿಯೋ ಮೂಲಕ ಕಳಿಸುವ ಪುಟ್ಟ ಡಬ್ಬಿಗಳು) ಹಾಕಿ ಎರಡು ವರ್ಷ ದಾಟಿತು. ಡಬ್ಬಿ ಗಟ್ಟಿಯಾಗಿದೆ. ಧೂಳು, ತೇವ ಒಳಗೆ ಹೋಗಿಲ್ಲ. ಮೊದಲ ವರ್ಷವಂತೂ ಇವು ಇವೆ ಅನ್ನೋದೇ ಮರೆತುಹೋಗಿತ್ತು. ಆಮೇಲೆ ಮೂಲೆಯಲ್ಲಿದ್ದ ಒಂದು ನೋಡ್‌ನಿಂದ ಡೇಟಾ ಬರುವುದು ನಿಂತುಹೋಯಿತು.

ಆಪ್ ತೆರೆದರೆ ಬ್ಯಾಟರಿ ಶೇ. 90. ಅದನ್ನು ನೋಡಿದ ಮೇಲೆ ಬ್ಯಾಟರಿ ಬಗ್ಗೆ ಯಾರಿಗೂ ಅನುಮಾನ ಬರಲ್ಲ, ಅಲ್ವಾ? ಕಂಪನಿಯ ಸಪೋರ್ಟ್‌ನವರೂ ಅಷ್ಟೇ ನೋಡಿ, "ಸಿಗ್ನಲ್ ಸಮಸ್ಯೆ, ಗೇಟ್‌ವೇ ಹತ್ತಿರ ತನ್ನಿ" ಅಂದು ಕೈತೊಳೆದುಕೊಂಡರು. ಗೇಟ್‌ವೇ ಅಂದರೆ ನೋಡ್‌ಗಳ ಸಿಗ್ನಲ್ ಹಿಡಿದು ಸರ್ವರ್‌ಗೆ ದಾಟಿಸುವ ಪೆಟ್ಟಿಗೆ.

ಗೇಟ್‌ವೇ ಲಾಗ್ ನೋಡಿದರೆ ವಿಷಯವೇ ಬೇರೆ ಇತ್ತು. ನೋಡ್ ಪೂರ್ತಿ ಸತ್ತಿರಲಿಲ್ಲ. ಜಾಯಿನ್ ರಿಕ್ವೆಸ್ಟ್ (ನೆಟ್‌ವರ್ಕ್‌ಗೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಬರುತ್ತಿತ್ತು, ಸರ್ವರ್ ಒಪ್ಪುತ್ತಿತ್ತು, ಫ್ರೇಮ್ ಕೌಂಟರ್ (ಜಾಯಿನ್ ಆದ ಮೇಲೆ ಕಳಿಸುವ ಪ್ಯಾಕೆಟ್‌ಗಳ ಕ್ರಮಸಂಖ್ಯೆ) 0 ಇರುವ ಒಂದು ಪ್ಯಾಕೆಟ್ ಬರುತ್ತಿತ್ತು. ಅಷ್ಟೇ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಜಾಯಿನ್, ಮತ್ತೆ 0. ಕೌಂಟರ್ 1ಕ್ಕೆ ಹೋಗುವ ಮಾತೇ ಇಲ್ಲ. ಬರೀ ಸಿಗ್ನಲ್ ಕಮ್ಮಿ ಇರುವ ನೋಡ್ ಹೀಗೆ ಮಾಡಲ್ಲ. ಅದು ನಡುವೆ ಒಂದೆರಡು ಹಾರಿಸಿಕೊಂಡು 57, 58, 61 ಅಂತ ಮುಂದೆ ಹೋಗುತ್ತಲೇ ಇರುತ್ತದೆ. ಇದು ಮಾತ್ರ ಪ್ರತಿ ಸಲ ರೀಸೆಟ್ ಆಗುತ್ತಿತ್ತು. ಬಂದ ಒಂದೆರಡು ಪ್ಯಾಕೆಟ್‌ನಲ್ಲಿ ತಾಪಮಾನ ಸರಿಯಾಗಿ 85 ಡಿಗ್ರಿ. ಇದರಲ್ಲಿರುವುದು ಡಿಎಸ್18ಬಿ20 ಸೆನ್ಸರ್. ಪವರ್ ಬಂದ ಕೂಡಲೇ, ಇನ್ನೂ ಅಳೆಯುವ ಮೊದಲು ಓದಿದರೆ ಅದು ಕೊಡುವ ಸಂಖ್ಯೆಯೇ 85. ಅಂದರೆ ಸೆನ್ಸರ್‌ಗೂ ಕರೆಂಟ್ ಕೈಕೊಡುತ್ತಿತ್ತು.

ಮುಚ್ಚಳ ತೆಗೆದು ಮಲ್ಟಿಮೀಟರ್ ಹಿಡಿದರೆ 3.6 ವೋಲ್ಟ್, ಹೊಸ ಬ್ಯಾಟರಿಯ ಹಾಗೆ. ಆದರೆ ಅದು ನೋಡ್ ಮಲಗಿದ್ದಾಗಿನ ಲೆಕ್ಕ. ಮೀಟರನ್ನು ಮಿನ್-ಮ್ಯಾಕ್ಸ್‌ಗೆ (ಅತಿ ಕಮ್ಮಿ, ಅತಿ ಜಾಸ್ತಿ ಅಂಕಿ ಹಿಡಿದಿಡುವ ಮೋಡ್) ಹಾಕಿ, ಅದು ಕಳಿಸುವವರೆಗೂ ಕಾದೆ. ಕಳಿಸಲು ಹೊರಟ ಕ್ಷಣಕ್ಕೆ ವೋಲ್ಟೇಜ್ 3ರ ಕೆಳಗೆ ಬಿತ್ತು, ನೋಡ್ ರೀಸೆಟ್ ಆಯಿತು, ಮತ್ತೆ 3.6.

ಇದರಲ್ಲಿರುವುದು ಲಿಥಿಯಂ ಥಿಯೋನಿಲ್ ಕ್ಲೋರೈಡ್ ಬ್ಯಾಟರಿ. ವರ್ಷಗಟ್ಟಲೆ ಬಾಳುತ್ತದೆ, ಆದರೆ ಅದಕ್ಕೆ ಎರಡು ಗುಣ ಇವೆ. ಒಂದು, ಖಾಲಿಯಾಗುವ ಹತ್ತಿರದವರೆಗೂ ವೋಲ್ಟೇಜ್ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ. ಹಾಗಾಗಿ ವೋಲ್ಟೇಜ್ ನೋಡಿ ಶೇಕಡ ಲೆಕ್ಕ ಹಾಕುವ ಆ ಆಪ್‌ನ ಸಂಖ್ಯೆ ಸುಮ್ನೆ ಅಲಂಕಾರಕ್ಕೆ. ಇನ್ನೊಂದು, ಜಾಸ್ತಿ ಹೊತ್ತು ಮಲಗಿದ್ದರೆ ಒಳಗಿನ ಲಿಥಿಯಂ ಮೇಲೆ ತೆಳು ಪದರ ಕಟ್ಟುತ್ತದೆ. ಒಮ್ಮೆಲೇ ಕರೆಂಟ್ ಎಳೆದರೆ ವೋಲ್ಟೇಜ್ ಕುಸಿಯುತ್ತದೆ. ಬ್ಯಾಟರಿ ತೆಗೆದು ಮತ್ತೆ ಅದನ್ನೇ ಹಾಕಿದರೆ ಸರಿಹೋಗುತ್ತೆ ಅಂತ ಹೇಳುವವರಿದ್ದಾರೆ. ಪದೇ ಪದೇ ಕರೆಂಟ್ ಎಳೆದಾಗ ಪದರ ಸ್ವಲ್ಪ ಒಡೆಯುತ್ತದೆ, ಒಂದಷ್ಟು ದಿನ ನಡೆಯುತ್ತದೆ, ಮತ್ತೆ ಅದೇ ರಾಗ.

ಹಾಗಾದರೆ ಉಳಿದ ನೋಡ್‌ಗಳು ಅಷ್ಟೇ ಹಳೇ ಬ್ಯಾಟರಿಯಲ್ಲಿ ಹೇಗೆ ನಡೆಯುತ್ತಿವೆ? ಅವು ಗೇಟ್‌ವೇ ಹತ್ತಿರ ಇವೆ, ಎಸ್‌ಎಫ್ 7ರಲ್ಲಿ ಕಳಿಸುತ್ತವೆ. (ಎಸ್‌ಎಫ್ ಅಂದರೆ ಸ್ಪ್ರೆಡಿಂಗ್ ಫ್ಯಾಕ್ಟರ್: ಸಂಖ್ಯೆ ಏರಿದಷ್ಟೂ ಸಿಗ್ನಲ್ ದೂರ ಮುಟ್ಟುತ್ತದೆ, ಆದರೆ ನಿಧಾನ.) ಹತ್ತಾರು ಮಿಲಿಸೆಕೆಂಡಿನಲ್ಲಿ ಕೆಲಸ ಮುಗಿಯುತ್ತದೆ. ಮೂಲೆಯದರ ಮುಂದೆ ಕಬ್ಬಿಣದ ರ‍್ಯಾಕ್ ಬಂದು, ಅದು ಎಸ್‌ಎಫ್ 12ಕ್ಕೆ ಏರಿತ್ತು. ಒಂದೊಂದು ಮೆಟ್ಟಿಲು ಏರಿದಾಗಲೂ ಕಳಿಸುವ ಸಮಯ ಹತ್ತಿರ ಹತ್ತಿರ ಇಮ್ಮಡಿ. 12ರಲ್ಲಿ ಒಂದು ಸೆಕೆಂಡಿಗೂ ಜಾಸ್ತಿ. ಅಷ್ಟು ಹೊತ್ತೂ ಬ್ಯಾಟರಿ ಕರೆಂಟ್ ಕೊಡುತ್ತಲೇ ಇರಬೇಕು. ಸಪೋರ್ಟ್‌ನವರ ಮಾತಿನಲ್ಲಿ ಅಷ್ಟು ಮಾತ್ರ ಸತ್ಯ ಇತ್ತು ಅನ್ನಿ. ಆಂಟೆನಾ ಕನೆಕ್ಟರ್ ಕೂಡ ನೋಡಿದೆ, ಅದರಲ್ಲಿ ತೊಂದರೆ ಇರಲಿಲ್ಲ.

ಬ್ಯಾಟರಿ ಬದಲಿಸಿ, ಅದರ ಪಕ್ಕಕ್ಕೆ ಒಮ್ಮೆಲೇ ಬೇಕಾಗುವ ಕರೆಂಟ್ ಕೊಡುವ, ಕೆಪಾಸಿಟರ್ ಥರದ ಪಲ್ಸ್ ಸೆಲ್ ಸೇರಿಸಿದೆ. ಗೇಟ್‌ವೇ ಆಂಟೆನಾವನ್ನು ರ‍್ಯಾಕ್‌ಗಿಂತ ಎತ್ತರಕ್ಕೆ ಏರಿಸಿದೆ. ಈಗ ಎಸ್‌ಎಫ್ 9ರಲ್ಲಿ ನಿಂತಿದೆ, ಕೌಂಟರ್ ಏರುತ್ತಲೇ ಇದೆ.

ಎರಡು ಸ್ಟಾರ್ ಕಳೆದದ್ದು ನೋಡ್ ಕೆಟ್ಟಿತು ಅಂತ ಅಲ್ಲ. ಯಾಕೆ ಕೆಟ್ಟಿತು ಅಂತ ಅದು ಬಾಯಿ ಬಿಡಲ್ಲ. ಎಷ್ಟೋ ಮೈಕ್ರೋಕಂಟ್ರೋಲರ್‌ಗಳಲ್ಲಿ ಹಿಂದಿನ ರೀಸೆಟ್‌ಗೆ ಕಾರಣ ಏನು ಅನ್ನೋದು ಚಿಪ್ ಒಳಗಿನ ರಿಜಿಸ್ಟರ್ ಅನ್ನುವ ಪುಟ್ಟ ನೆನಪಿನ ಜಾಗದಲ್ಲೇ ಇರುತ್ತದೆ. ಅದನ್ನು ಮೊದಲ ಪ್ಯಾಕೆಟ್‌ನಲ್ಲಿ ಕಳಿಸಲು ಒಂದು ಬೈಟ್ ಸಾಕು. ಕಳಿಸುವಾಗಿನ ವೋಲ್ಟೇಜ್‌ಗೆ ಇನ್ನೊಂದು. ಅದೂ ಇಲ್ಲ, ಡಬ್ಬಿ ಮೇಲೆ ಒಂದು ಎಲ್‌ಇಡಿ ಕೂಡ ಇಲ್ಲ.

ಗೇಟ್‌ವೇ ಹತ್ತಿರ ಇದ್ದರೆ ಧೈರ್ಯವಾಗಿ ತಗೊಳ್ಳಿ. ದೂರಕ್ಕೆ ಹಾಕುವುದಾದರೆ ಪಲ್ಸ್ ಸೆಲ್ ಜೊತೆಗೆ ಬರುವ ಮಾದರಿಯನ್ನೇ ಕೇಳಿ.