ಅಹಿಂಸಾ ಪ್ರತಿರೋಧದ ಎರಡು ದಿನದ ಶಿಬಿರ: ಮೊದಲ ದಿನ ಗಟ್ಟಿ, ಎರಡನೆಯ ದಿನ ಜಾಳು

ಮಂಗಳೂರಿನ ಚರ್ಚ್ ಸಭಾಭವನವೊಂದರಲ್ಲಿ ನಡೆಯುವ ಈ ಶಿಬಿರಕ್ಕೆ ಚರ್ಚಿನ ಯುವಜನರಷ್ಟೇ ಅಲ್ಲ, ಬಡಾವಣೆ ಸಂಘದವರೂ ಸೇರಬಹುದು. ಊಟ, ಚಾ ಶುಲ್ಕದಲ್ಲೇ ಸೇರಿದೆ, ಅದರಲ್ಲಿ ತಕರಾರಿಲ್ಲ.

ಮೊದಲ ದಿನದ ಅಣಕು ಧರಣಿಯೇ ಶಿಬಿರದ ಜೀವಾಳ. ಮಾದರಿ ಜೇಮ್ಸ್ ಲಾಸನ್ ಅವರದ್ದು. 1950ರ ದಶಕದಲ್ಲಿ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿದ್ದು ಗಾಂಧೀಜಿಯ ದಾರಿಯನ್ನು ಅಭ್ಯಸಿಸಿದ ಈ ಮೆಥಡಿಸ್ಟ್ ಮಿಷನರಿ, ಅಮೆರಿಕದ ನ್ಯಾಶ್‌ವಿಲ್‌ನ ವಿದ್ಯಾರ್ಥಿಗಳನ್ನು, ಕಪ್ಪು ಜನರಿಗೆ ಬಡಿಸದ ಊಟದ ಕೌಂಟರುಗಳಲ್ಲಿ 1960ರಲ್ಲಿ ನಡೆದ ಧರಣಿಗೆ ಸಜ್ಜು ಮಾಡಿದ್ದು ಹೀಗೆಯೇ. ನಾಲ್ವರು ಕುರ್ಚಿಯಲ್ಲಿ ಕೂರುತ್ತಾರೆ, ನಾಲ್ವರು ಬೈದು ತಳ್ಳುತ್ತಾರೆ, ಇಬ್ಬರು ನೋಡಿ ಬರೆದುಕೊಳ್ಳುತ್ತಾರೆ. ಹತ್ತು ನಿಮಿಷಕ್ಕೆ ಪಾತ್ರ ಅದಲುಬದಲು. ಬೆನ್ನು ನೆಟ್ಟಗಿರಬೇಕು, ಮುಖ ಕೌಂಟರಿನ ಕಡೆಗೇ ಇರಬೇಕು, ತಿರುಗಿ ಬೈಯಬಾರದು, ನಗಲೂಬಾರದು. ಹೆಚ್ಚಿನವರು ಎಡವುವುದು ಈ ನಗುವಿನಲ್ಲೇ. ಮುಜುಗರದ ನಗು ಎದುರಿನವನಿಗೆ ಗೇಲಿಯಂತೆ ಕಂಡು ಅವನ ಕೈ ಮೇಲೇಳುತ್ತದೆ. ತುಳುವಿನಲ್ಲೇ ಬೈಯಲು ಬಿಟ್ಟದ್ದು ಜಾಣತನ. ಪುಸ್ತಕದ ಕನ್ನಡದ ಬೈಗುಳ ಯಾರಿಗೂ ತಾಗುವುದಿಲ್ಲ. ಆದರೆ ತಳ್ಳಾಟ ಅತಿಯಾದರೆ ನಿಲ್ಲಿಸಲು ಒಂದು ಸಂಕೇತ ಪದ ಬೇಕಿತ್ತು. ಅಭ್ಯಾಸ ಮುಗಿದ ಮೇಲಿನ ಮಾತುಕತೆಗೂ ಅಷ್ಟೇ ಹೊತ್ತು ಕೊಡಬೇಕು. ಇಲ್ಲಿ ಅದನ್ನು ಊಟದ ಗಂಟೆ ನುಂಗಿತು.

ಎರಡನೆಯ ದಿನ ಸಂಘಟನೆಯ ಪಾಠ. ಅಮೆರಿಕದ ಮಾಂಟ್ಗೊಮರಿಯಲ್ಲಿ ಬಸ್ಸಿನೊಳಗಿನ ವರ್ಣಭೇದದ ವಿರುದ್ಧ ಕಪ್ಪು ಜನರು 381 ದಿನ ನಡೆಸಿದ ಬಸ್ ಬಹಿಷ್ಕಾರದ ಬಗ್ಗೆ ಹೇಳಿದ್ದೆಲ್ಲ ಆಗಿನ ಭಾಷಣ, ಭಜನೆಗಳ ಕಥೆ. ಆದರೆ ಬಹಿಷ್ಕಾರವನ್ನು ಅಷ್ಟು ದಿನ ಎತ್ತಿಹಿಡಿದದ್ದು ಸುಮಾರು 300 ಕಾರುಗಳ ಸಾರಿಗೆ ವ್ಯವಸ್ಥೆ. ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು ಎಂಬುದು ಗೊತ್ತಾಗಿತ್ತು, ಚರ್ಚುಗಳ ಹೆಸರಿನಲ್ಲೂ ವಾಹನಗಳಿದ್ದವು. ವಿಮೆ ರದ್ದಾದಾಗ ಲಂಡನ್ನಿನ ಲಾಯ್ಡ್ಸ್ ಮೂಲಕ ಹೊಸ ವಿಮೆ ಮಾಡಿಸಿದರು. ಕೂಲಿಗೆ ಹೋಗುವವರನ್ನು ಹೊತ್ತಿಗೆ ಸರಿಯಾಗಿ ತಲುಪಿಸದಿದ್ದರೆ ಯಾವ ಬಹಿಷ್ಕಾರ ನಿಂತೀತು?

ಅಭ್ಯಾಸಕ್ಕೆ ಆರಿಸಿಕೊಂಡ ವಿಷಯ ಒಳ್ಳೆಯದು: 2019ರ ಆಗಸ್ಟ್‌ನಲ್ಲಿ ಪಕ್ಕದ ಮಂದಾರದ ಮನೆ, ತೋಟಗಳತ್ತ ಕುಸಿದ, ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ. ಆದರೆ ಚಾರ್ಟಿನಲ್ಲಿ ‘ನ್ಯಾಯ ಬೇಕು’ ಎಂದು ಬರೆದವರನ್ನು ಯಾರೂ ತಿದ್ದಲಿಲ್ಲ. ಪಾಲಿಕೆ ಆಯುಕ್ತರು ಏನು ಮಾಡಬೇಕು, ಯಾವ ತಾರೀಕಿನೊಳಗೆ ಎಂದು ಬರೆಯದಿದ್ದರೆ ಅದು ಬೇಡಿಕೆಯೇ ಅಲ್ಲ, ಅವರು ‘ಪರಿಶೀಲಿಸುತ್ತೇವೆ’ ಎಂದರೆ ಅಲ್ಲಿಗೆ ಮುಗಿಯಿತು. 1963ರಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಮಾರ್ಟಿನ್ ಲೂಥರ್ ಕಿಂಗ್ ಪತ್ರದಲ್ಲಿ ಬರೆದ ಕ್ರಮ ಹೀಗಿದೆ: ಮೊದಲು ಮಾಹಿತಿ ಸಂಗ್ರಹ, ಆಮೇಲೆ ಮಾತುಕತೆ, ಆತ್ಮಶುದ್ಧಿ, ಕೊನೆಗೆ ನೇರ ಕ್ರಿಯೆ. ಶಿಬಿರ ಸೀದಾ ನಾಲ್ಕನೆಯದಕ್ಕೆ ಹಾರಿತು. ಮನವಿ ಕೊಟ್ಟಾಗ ಎರಡನೇ ಪ್ರತಿಯಲ್ಲಿ ಸ್ವೀಕೃತಿ ಮುದ್ರೆ, ತಾರೀಕು ಹಾಕಿಸಿಕೊಳ್ಳಬೇಕೆಂಬುದನ್ನೂ ಹೇಳಲಿಲ್ಲ.

ಪೊಲೀಸ್ ಅನುಮತಿಗೆ ಬರೆಯುವ ಅರ್ಜಿಯ ನಮೂನೆ ಮಾತ್ರ ಉಪಯುಕ್ತ: ಸ್ಥಳ, ಹೊತ್ತು, ಬರುವವರ ಅಂದಾಜು ಸಂಖ್ಯೆ, ಜವಾಬ್ದಾರರ ಫೋನ್ ನಂಬರ್ ಎಲ್ಲಕ್ಕೂ ಅದರಲ್ಲಿ ಜಾಗವಿದೆ. ಕೈಪಿಡಿ ಇಂಗ್ಲಿಷಿನದ್ದು; ಕನ್ನಡದ್ದು ಬೇಕಿದ್ದರೆ ಮೊದಲೇ ಹೇಳಿಡಿ, ಜೆರಾಕ್ಸ್ ಮಾಡಿಸಿ ಕೊಡುತ್ತಾರೆ.