ಪ್ಲಾಸ್ಟಿಕ್ ಕಿಟ್‌ನ ಅಭ್ಯಾಸದಲ್ಲಿ ರೆಸಿನ್ ಮಾದರಿಗೆ ಕೈಹಾಕಬೇಡಿ

ಹಲವು ವರ್ಷಗಳಿಂದ ಪ್ಲಾಸ್ಟಿಕ್ ವಿಮಾನ ಮಾದರಿಗಳನ್ನು ಜೋಡಿಸಿ ಬಣ್ಣ ಹಚ್ಚುತ್ತ ಬಂದಿರುವ ನಾನು, ರೆಸಿನ್ ಮಾದರಿಯೂ ಅದೇ ಜಾತಿಯದೆಂದು ನಂಬಿ ಕೆಲಸ ಆರಂಭಿಸಿದ್ದರಿಂದ ದುಬಾರಿ ಕಿಟ್ ಒಂದನ್ನು ಕೆಡಿಸಿಕೊಂಡೆ. ಸಾಲದ್ದಕ್ಕೆ ತೊಡೆಯನ್ನೂ ಸುಟ್ಟುಕೊಂಡೆ. ಮೊದಲ ಸಲ ರೆಸಿನ್ ಕಿಟ್ ತರಿಸಿಕೊಂಡಿರುವವರು ಡಬ್ಬಿ ಬಿಚ್ಚುವ ಮುನ್ನ ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನಾನು ಕಟ್ಟಹೊರಟದ್ದು ಎಚ್‌ಎಫ್-24 ಮಾರುತ. ಜರ್ಮನಿಯ ವಿನ್ಯಾಸಕಾರ ಕುರ್ಟ್ ಟ್ಯಾಂಕ್ ಅವರ ನೇತೃತ್ವದಲ್ಲಿ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ರೂಪುಗೊಂಡು, 1961ರ ಜೂನ್ 17ರಂದು ಮೊದಲ ಬಾರಿಗೆ ಹಾರಿದ ಈ ಯುದ್ಧವಿಮಾನವನ್ನು ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಆವರಣದಲ್ಲಿ ಶಾಲಾದಿನಗಳಲ್ಲೇ ಕಂಡು ಮರುಳಾದವನು ನಾನು. ಕೊಳ್ಳುವವರು ಕಡಿಮೆ ಇರುವ ಇಂಥ ವಿಮಾನಗಳಿಗಾಗಿ ದೊಡ್ಡ ತಯಾರಕರು ದುಬಾರಿ ಲೋಹದ ಅಚ್ಚು ಮಾಡಿಸಲು ಹಿಂಜರಿಯುತ್ತಾರೆ. ಆ ಜಾಗವನ್ನು ತುಂಬುವವರು, ಎರಡು ದ್ರವಗಳನ್ನು ಬೆರೆಸಿದ ಪಾಲಿಯುರೆಥೇನ್ ರೆಸಿನ್ನನ್ನು ಸಿಲಿಕೋನ್ ರಬ್ಬರ್ ಅಚ್ಚಿಗೆ ಸುರಿದು ಭಾಗಗಳನ್ನು ಎರಕಹೊಯ್ಯುವ ಸಣ್ಣ ತಯಾರಕರು. ಅಂಥವರಿಂದ ತರಿಸಿದ 1:72 ಅಳತೆಯ, ಅಂದರೆ ನಿಜ ವಿಮಾನದ ಎಪ್ಪತ್ತೆರಡನೇ ಒಂದು ಪಾಲಿನ, ಕಿಟ್ ನನ್ನದು. ಪೂರ್ಣಗೊಂಡರೆ ಉದ್ದ ಸುಮಾರು 22 ಸೆಂಟಿಮೀಟರ್.

ಮೊದಲ ತಪ್ಪು ಗೋಂದಿನದು. ಪ್ಲಾಸ್ಟಿಕ್ ಕಿಟ್‌ಗಳಿಗೆ ಬಳಸುವ ಸಿಮೆಂಟ್ ವಾಸ್ತವವಾಗಿ ಗೋಂದಲ್ಲ. ಅದು ಆ ಕಿಟ್‌ಗಳ ಪ್ಲಾಸ್ಟಿಕ್ಕಾದ ಪಾಲಿಸ್ಟೈರೀನನ್ನು ಕರಗಿಸಿ ಎರಡು ಅಂಚುಗಳನ್ನು ಒಂದಾಗಿ ಬೆಸೆಯುವ ದ್ರಾವಕ. ಗಟ್ಟಿಯಾದ ಪಾಲಿಯುರೆಥೇನ್ ಅದಕ್ಕೆ ಕರಗುವುದಿಲ್ಲವಾದ್ದರಿಂದ, ರಾತ್ರಿಯಿಡೀ ಕ್ಲಿಪ್ಪು ಹಾಕಿಟ್ಟ ಭಾಗಗಳು ಬೆಳಿಗ್ಗೆ ಹಾಗೆಯೇ ಬಿಡಿಯಾಗಿ ಕೈಗೆ ಬಂದವು. ರೆಸಿನ್‌ಗೆ ಬೇಕಾದದ್ದು ಸೂಪರ್‌ಗ್ಲೂ ಎಂದು ಕರೆಯುವ ಸಯನೋಅಕ್ರಿಲೇಟ್, ಇಲ್ಲವೇ ಎರಡು ಟ್ಯೂಬುಗಳಿಂದ ಸಮಪಾಲು ಬೆರೆಸುವ ಎಪಾಕ್ಸಿ.

ಸೂಪರ್‌ಗ್ಲೂ ತಂದದ್ದು ಸರಿಯೇ, ಆದರೆ ಭಾನುವಾರದ ಆ ಬೆಳಿಗ್ಗೆ ನಾನು ಹತ್ತಿ ಲುಂಗಿ ಉಟ್ಟು, ಕಿಟ್ಟನ್ನು ತೊಡೆಯ ಮೇಲಿಟ್ಟುಕೊಂಡು ನೆಲದಲ್ಲಿ ಕುಳಿತಿದ್ದೆ. ಟ್ಯೂಬಿನ ಮೂತಿ ಕಟ್ಟಿಕೊಂಡಿತ್ತು. ಬಲವಾಗಿ ಒತ್ತಿದಾಗ ಅದರ ಬುಡವೇ ಒಡೆದು ಅರ್ಧಕ್ಕಿಂತ ಹೆಚ್ಚು ಗೋಂದು ಲುಂಗಿಯ ಮೇಲೆ ಚೆಲ್ಲಿತು. ಒರೆಸಿಕೊಂಡರಾಯಿತು ಎಂದು ಪಕ್ಕದಲ್ಲಿದ್ದ ಹಳೆಯ ಬನಿಯನ್ ಚೂರನ್ನು ಒತ್ತಿ ಹಿಡಿದೆ. ಎರಡು ಮೂರು ಸೆಕೆಂಡುಗಳಲ್ಲಿ ಬಟ್ಟೆ ಕಾದು, ಕಣ್ಣು ಉರಿಸುವ ಬಿಳಿ ಹೊಗೆ ಎದ್ದು, ಕಾದ ಕಾವಲಿ ತಾಗಿದಂತಾಯಿತು. ಹತ್ತಿಯಂಥ ನಾರು ಸಯನೋಅಕ್ರಿಲೇಟ್ ಗಟ್ಟಿಯಾಗುವ ಕ್ರಿಯೆಯನ್ನು ಒಮ್ಮೆಲೇ ವೇಗಗೊಳಿಸುತ್ತದೆ, ಆಗ ಹೊರಬೀಳುವ ಶಾಖ ಚರ್ಮವನ್ನು ಸುಡುವಷ್ಟಿರುತ್ತದೆ ಎಂಬುದು ನನಗೆ ತಿಳಿದದ್ದು ಆಸ್ಪತ್ರೆಯಿಂದ ಬಂದ ಮೇಲೆ, ಟ್ಯೂಬಿನ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದಾಗ. ಬಟ್ಟೆಯನ್ನು ಕಿತ್ತೆಳೆಯದೆ ನಲ್ಲಿಯ ತಣ್ಣೀರಿನ ಕೆಳಗೆ ಬಹಳ ಹೊತ್ತು ಕುಳಿತದ್ದೊಂದೇ ಆ ದಿನ ನಾನು ಮಾಡಿದ ಬುದ್ಧಿವಂತ ಕೆಲಸ. ಎಳೆದಿದ್ದರೆ ಅಂಟಿಕೊಂಡ ಚರ್ಮವೂ ಬರುತ್ತಿತ್ತು ಎಂದು ವೈದ್ಯರು ಹೇಳಿದರು. ಈ ಗೋಂದನ್ನು ಹತ್ತಿಯಿಂದ, ಹತ್ತಿ ಸುತ್ತಿದ ಕಿವಿಕಡ್ಡಿಯಿಂದ ಎಂದೂ ಒರೆಸಬೇಡಿ. ಹಳೆಯ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳದ ಮೇಲೆ ಒಂದೆರಡು ಹನಿ ಹಾಕಿಕೊಂಡು, ಸೂಜಿಯ ತುದಿಯಿಂದ ಭಾಗಕ್ಕೆ ಮುಟ್ಟಿಸಿ. ಟ್ಯೂಬನ್ನು ಮಾದರಿಯ ಹತ್ತಿರಕ್ಕೆ ಒಯ್ಯುವ ಅಗತ್ಯವೇ ಇಲ್ಲ.

ಗಾಯ ಮಾಗಿದ ಮೇಲೆ ರೆಕ್ಕೆಗಳನ್ನು ಅಂಟಿಸಿದೆ. ರೆಸಿನ್ ರೆಕ್ಕೆ ಒಳಗೆ ಪೊಳ್ಳಿಲ್ಲದ ಗಟ್ಟಿ ಎರಕವಾದ್ದರಿಂದ ಪ್ಲಾಸ್ಟಿಕ್ ರೆಕ್ಕೆಗಿಂತ ಹೆಚ್ಚು ಭಾರವಿರುತ್ತದೆ, ಸಯನೋಅಕ್ರಿಲೇಟ್ ಬೆಸುಗೆಯೋ ಎಳೆತಕ್ಕೆ ಗಟ್ಟಿಯಾದರೂ ಪೆಟ್ಟಿಗೆ ಪೆಡಸು. ಕಪಾಟಿನ ಬಾಗಿಲನ್ನು ಯಾರೋ ಜೋರಾಗಿ ಹಾಕಿದ ಒಂದು ಸಂಜೆ ಎಡ ರೆಕ್ಕೆ ಬುಡಸಮೇತ ಕಳಚಿ ಬಿತ್ತು. ಎರಡೂ ಬದಿಗೆ ಒಂದು ಮಿಲಿಮೀಟರಿನ ರಂಧ್ರ ಕೊರೆದು, ಪೇಪರ್ ಕ್ಲಿಪ್ಪಿನ ತಂತಿಯ ತುಂಡನ್ನು ಮೊಳೆಯಂತೆ ಕೂರಿಸಿ, ಎಪಾಕ್ಸಿಯಿಂದ ಬೆಸೆದಿದ್ದರೆ ಹೀಗಾಗುತ್ತಿರಲಿಲ್ಲ. ಚಾಲಕನ ಕೋಣೆಯ ಪಾರದರ್ಶಕ ಮುಚ್ಚಳವನ್ನೂ ಇದೇ ಗೋಂದಿನಿಂದ ಅಂಟಿಸಿದ್ದೆ. ಅದರ ಆವಿ ಒಳಮೈಯಲ್ಲಿ ಕುಳಿತು ಗಾಜಿಗೆ ಮಂಜು ಹಿಡಿದಂತೆ ಬೆಳ್ಳಗಾಯಿತು. ಆ ಒಂದು ಭಾಗಕ್ಕೆ ಮಕ್ಕಳು ಶಾಲೆಯಲ್ಲಿ ಬಳಸುವ ಬಿಳಿ ಗೋಂದೇ ಸಾಕು.

ಸಂದುಗಳನ್ನು ಉಜ್ಜಿ ನಯಮಾಡುವಾಗ ಎರಡು ಸಂಜೆ ಮುಚ್ಚಿದ ಕೋಣೆಯಲ್ಲಿ ಒಣ ಸ್ಯಾಂಡ್‌ಪೇಪರ್ ಬಳಸಿದೆ. ಮುಖದ ಪೌಡರಿನಷ್ಟು ನುಣುಪಾದ ಆ ಧೂಳು ಶ್ವಾಸಕೋಶಕ್ಕೆ ಹೋಗಬಾರದ ವಸ್ತು. ನನ್ನ ಕೆಮ್ಮು ವಾರದವರೆಗೆ ನಿಲ್ಲಲಿಲ್ಲ. ಎನ್95 ಮಾಸ್ಕ್ ಧರಿಸಿ, ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ ಉಜ್ಜಿದರೆ ಧೂಳು ಏಳುವುದೇ ಇಲ್ಲ.

ಇಷ್ಟೆಲ್ಲ ಆದರೂ ಬಣ್ಣ ಎಲ್ಲವನ್ನೂ ಮುಚ್ಚುತ್ತದೆ ಎಂಬ ಧೈರ್ಯವಿತ್ತು. ಬಣ್ಣದ ಅಡಿಗೆ ಹಚ್ಚುವ ಪ್ರೈಮರ್ ಚೆನ್ನಾಗಿಯೇ ಕುಳಿತಂತೆ ಕಂಡಿತು, ಅದರ ಮೇಲೆ ಬೂದು ಬಣ್ಣವೂ ಒಣಗಿತು. ಹಸಿರು ಪಟ್ಟೆಗಳಿಗಾಗಿ ಹಚ್ಚಿದ್ದ ಮಾಸ್ಕಿಂಗ್ ಟೇಪನ್ನು ಮೆಲ್ಲಗೆ ಬಿಡಿಸಿದಾಗ, ಬಾಳೆದಿಂಡಿನ ಪದರ ಸುಲಿದಂತೆ, ಹಸಿರು, ಬೂದು, ಪ್ರೈಮರ್ ಮೂರೂ ಟೇಪಿನೊಂದಿಗೇ ಎದ್ದು ಬಂದವು. ಅಡಿಯಲ್ಲಿ ಹೊಳೆಯುವ ಬರಿ ರೆಸಿನ್. ಎರಕ ಅಚ್ಚಿನಿಂದ ಸುಲಭವಾಗಿ ಬಿಟ್ಟುಬರಲೆಂದು ಅಚ್ಚಿನೊಳಗೆ ಸವರುವ ಜಾರುದ್ರವ್ಯ ಭಾಗಗಳ ಮೈಮೇಲೆ ಕಣ್ಣಿಗೆ ಕಾಣದ ಪದರವಾಗಿ ಉಳಿದಿರುತ್ತದೆ, ಅದರ ಮೇಲೆ ಹಚ್ಚಿದ ಯಾವ ಬಣ್ಣಕ್ಕೂ ಹಿಡಿತ ಸಿಗುವುದಿಲ್ಲ. ಇದನ್ನು ಕಿಟ್‌ನ ಸೂಚನಾಪತ್ರ ಒಂದು ಸಾಲಿನಲ್ಲಿ ಹೇಳಿತ್ತು, ನಾನು ಚಿತ್ರಗಳನ್ನಷ್ಟೇ ನೋಡಿದ್ದೆ. ಭಾಗಗಳನ್ನು ಕತ್ತರಿಸುವುದಕ್ಕೂ ಮೊದಲು ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಬೆರೆಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಸಂದುಗೊಂದು ಬಿಡದೆ ತಿಕ್ಕಿ, ತೊಳೆದು, ಒಂದು ರಾತ್ರಿ ಒಣಗಿಸಬೇಕು. ಆಮೇಲೆ ಬರಿಗೈಯಿಂದ ಮುಟ್ಟಿ ಮತ್ತೆ ಜಿಡ್ಡು ಮಾಡಬಾರದು. ನೀರು ಕುದಿಯುವಷ್ಟು ಬಿಸಿ ಇದ್ದರೆ ತೆಳುವಾದ ರೆಸಿನ್ ಮೆತ್ತಗಾಗಿ ಬಾಗುತ್ತದೆ. ಹಾಗೆಯೇ, ಸಾಗಣೆಯಲ್ಲಿ ಬಾಗಿ ಬಂದ ರೆಕ್ಕೆಯನ್ನು ಬಿಸಿನೀರಿನಲ್ಲಿ ಅದ್ದಿ ನೇರ ಮಾಡಿ, ತಕ್ಷಣ ತಣ್ಣೀರಿಗೆ ಹಾಕಿ ಸರಿಪಡಿಸಿಕೊಳ್ಳಲೂ ಬರುತ್ತದೆ.

ಬಣ್ಣ ಉಳಿದಿದ್ದ ಬಾಲದ ಭಾಗವನ್ನಾದರೂ ಮುಗಿಸೋಣವೆಂದು ಆಷಾಢದ ಜಿಟಿಜಿಟಿ ಮಳೆಯಲ್ಲಿ ಬಾಲ್ಕನಿಯಲ್ಲಿ ನಿಂತು ಮ್ಯಾಟ್ ವಾರ್ನಿಷ್ ಸಿಂಪಡಿಸಿದೆ. ಗಾಳಿಯ ತೇವ ಪದರದಲ್ಲಿ ಸಿಕ್ಕಿಕೊಂಡು ಅದೂ ಬೂದಿ ಬಳಿದಂತಾಯಿತು.

ಈಗ ಮಾರುತ ಮತ್ತೆ ಬಿಡಿಭಾಗಗಳಾಗಿ ಅಡುಗೆಮನೆಯ ಹಳೆಯ ಸ್ಟೀಲ್ ತಟ್ಟೆಯಲ್ಲಿದೆ. ನಾನು ಬಳಸಿದ್ದು ಅಕ್ರಿಲಿಕ್ ಬಣ್ಣವಾದ್ದರಿಂದ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ನೆನೆಸಿದಾಗ ಹೆಚ್ಚಿನದು ಬಿಟ್ಟುಬಂದಿದೆ. ಎಡ ರೆಕ್ಕೆಗೆ ರಂಧ್ರ ಕೊರೆದಾಗಿದೆ, ಪಾರದರ್ಶಕ ಮುಚ್ಚಳಕ್ಕೆ ಮಾತ್ರ ಬದಲಿ ಸಿಕ್ಕಿಲ್ಲ.